ಹಲವು ಲೋಕಗಳು, ಹಲವು ಚಿಂತಕರು: ಹೋಲಿಕೆಯನ್ನು ಪರೀಕ್ಷಿಸುವುದು ಹೇಗೆ?

‘ಯೋಗವಾಸಿಷ್ಠದಲ್ಲಿ ಲೀಲೆ ಕಂಡ ಲೋಕಗಳೂ ಇವತ್ತಿನ ವಿಜ್ಞಾನಿಗಳು ಹೇಳುವ ಮಲ್ಟಿವರ್ಸೂ ಒಂದೇ ಅಲ್ವಾ?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಯೋಗವಾಸಿಷ್ಠ ಅಂದರೆ ವಸಿಷ್ಠರು ರಾಮನಿಗೆ ಮಾಡಿದ ಉಪದೇಶದ ರೂಪದಲ್ಲಿರುವ ಸಂಸ್ಕೃತ ಗ್ರಂಥ, ಮಲ್ಟಿವರ್ಸ್ ಅಂದರೆ ನಮ್ಮದಲ್ಲದೆ ಬೇರೆ ವಿಶ್ವಗಳೂ ಇವೆ ಎಂಬ ವಿಚಾರ. ಕೆಲವರು ಭಾಗವತದ ಶ್ಲೋಕ ಕಳಿಸಿ ಕೇಳುತ್ತಾರೆ. ಕೆಲವರಿಗೆ 16ನೇ ಶತಮಾನದ ಇಟಲಿಯ ಚಿಂತಕ ಬ್ರೂನೊ ಬಗ್ಗೆ ಕುತೂಹಲ. ಇನ್ನು ಕೆಲವರಿಗೆ ಕಾಲೇಜಿನಲ್ಲಿ ‘ತೌಲನಿಕ ಅಧ್ಯಯನ’ ಅಂತ ಸೆಮಿನಾರ್ ಕೊಟ್ಟಿರುತ್ತಾರೆ, ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಗೊತ್ತಾಗಿರುವುದಿಲ್ಲ. ಎಲ್ಲರಿಗೂ ಸೇರಿಸಿ ಒಂದೇ ಕಡೆ ಬರೆಯುತ್ತಿದ್ದೇನೆ.

ಹೌದು ಅಥವಾ ಅಲ್ಲ ಅಂತ ಒಂದೇ ಮಾತಿನಲ್ಲಿ ಮುಗಿಸುವ ಪ್ರಶ್ನೆ ಇದಲ್ಲ. ನೀವೇ ಪರೀಕ್ಷಿಸಿ ನೋಡುವ ದಾರಿ ಹೇಳುತ್ತೇನೆ. ನನ್ನ ನಿಲುವನ್ನೂ ಮೊದಲೇ ಹೇಳಿಬಿಡುತ್ತೇನೆ. ಇಬ್ಬರು ಚಿಂತಕರ ಮಾತು ಒಂದೇ ಥರ ಕೇಳಿಸಿದಾಗ, ಅವರು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದರು ಅಂತ ನೋಡಬೇಕು. ಪ್ರಶ್ನೆ ಬೇರೆಯಾದರೆ ಉತ್ತರಗಳು ಎಷ್ಟೇ ಹೋಲಿದರೂ ಅವು ಬೇರೆ ಬೇರೆ ವಿಚಾರಗಳೇ. ಹಾಗಂತ ಹೋಲಿಸುವುದು ವ್ಯರ್ಥ ಅಂತಲ್ಲ. ಒಬ್ಬರ ಪಕ್ಕ ಇನ್ನೊಬ್ಬರನ್ನು ಇಟ್ಟು ನೋಡಿದಾಗ ಇಬ್ಬರೂ ಮೊದಲಿಗಿಂತ ಚೆನ್ನಾಗಿ ಅರ್ಥವಾಗುತ್ತಾರೆ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಹೋಲಿಸಬೇಕು ಅಂದುಕೊಂಡ ಎರಡೂ ಪಠ್ಯಗಳು ಕೈಯಲ್ಲಿರಲಿ, ಆದಷ್ಟೂ ಪೂರ್ತಿ ಅನುವಾದದಲ್ಲಿ. ಒಂದು ನೋಟ್‌ಬುಕ್ ಇರಲಿ: ಎಡ ಪುಟ ಒಬ್ಬರಿಗೆ, ಬಲ ಪುಟ ಇನ್ನೊಬ್ಬರಿಗೆ. ಕೊನೆಯ ಹಾಳೆಯಲ್ಲಿ ಇಸವಿಗಳನ್ನು ಬರೆದುಕೊಳ್ಳಲು ಜಾಗ ಬಿಡಿ, ಐದನೇ ಹಂತದಲ್ಲಿ ಅದು ಬೇಕಾಗುತ್ತದೆ.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಬರಲೇಬೇಕು ಅಂತೇನಿಲ್ಲ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಎರಡು ಸಾಲು ಹಿಡಿದುಕೊಂಡು ಕೂರಬೇಡಿ. ಆ ಮಾತನ್ನು ಯಾರು, ಯಾರಿಗೆ, ಯಾವ ಗಳಿಗೆಯಲ್ಲಿ ಹೇಳಿದರು ಅಂತ ಗೊತ್ತಾಗುವಷ್ಟಾದರೂ ಹಿಂದೆ ಮುಂದೆ ಓದಿರಬೇಕು.

ಹಂತ 1: ಒಂದೊಂದೇ ಪ್ರಸಂಗ ಆರಿಸಿ

‘ವಸಿಷ್ಠ ಮತ್ತು ಲೈಬ್ನಿಟ್ಸ್’ ಅಂತ ಶುರು ಮಾಡಿದರೆ ಮುಗಿಯುವುದೇ ಇಲ್ಲ. ಇಬ್ಬರಿಂದಲೂ ಒಂದೊಂದು ಪ್ರಸಂಗ ಮಾತ್ರ ತೆಗೆದುಕೊಳ್ಳಿ. ಈ ಲೇಖನದುದ್ದಕ್ಕೂ ನಾನು ಬಳಸುವ ಜೋಡಿ ಇದು.

ಮೊದಲನೆಯದು ಲೀಲೆಯ ಕಥೆ. ಯೋಗವಾಸಿಷ್ಠದ ಉತ್ಪತ್ತಿ ಪ್ರಕರಣದಲ್ಲಿ ಬರುತ್ತದೆ. ಪದ್ಮ ಎಂಬ ರಾಜ, ಅವನ ರಾಣಿ ಲೀಲೆ. ಗಂಡ ಸತ್ತರೂ ಅವನ ಜೀವ ತನ್ನ ಅಂತಃಪುರ ಬಿಟ್ಟು ಹೋಗಬಾರದು ಅಂತ ಅವಳು ಸರಸ್ವತಿಯಿಂದ ವರ ಪಡೆಯುತ್ತಾಳೆ. ರಾಜ ಸಾಯುತ್ತಾನೆ. ಶವವನ್ನು ಹೂವಿನಲ್ಲಿ ಮುಚ್ಚಿಡು ಅನ್ನುತ್ತಾಳೆ ದೇವಿ. ಲೀಲೆ ಧ್ಯಾನಕ್ಕೆ ಕೂತಾಗ ಅದೇ ಕೋಣೆಯ ಆಕಾಶದಲ್ಲಿ ಇನ್ನೊಂದು ರಾಜ್ಯ ಕಾಣುತ್ತದೆ. ಅಲ್ಲಿ ಅವಳ ಗಂಡ ಹದಿನಾರರ ಹರೆಯದ ಅರಸ. ಅಷ್ಟೇ ಅಲ್ಲ. ಪದ್ಮನಾಗುವ ಮೊದಲು ಅವನು ವಸಿಷ್ಠ ಎಂಬ ಹೆಸರಿನ ಬ್ರಾಹ್ಮಣ, ಅವಳು ಅರುಂಧತಿ. ರಾಜನ ಮೆರವಣಿಗೆ ನೋಡಿ ‘ನಾನೂ ಹೀಗಾಗಬೇಕು’ ಅಂತ ಆಸೆಪಟ್ಟು ಸತ್ತವನು. ಆ ಸಾವಾಗಿ ಇನ್ನೂ ಎಂಟು ದಿನ. ಲೀಲೆ ಬಾಳಿ ಬದುಕಿದ ಇಡೀ ರಾಜ್ಯ, ಅಷ್ಟು ವರ್ಷಗಳು, ಎಲ್ಲವೂ ಆ ಗುಡಿಸಲಿನ ಒಳಗೆ ಆ ಎಂಟು ದಿನದಲ್ಲಿ ನಡೆದದ್ದು. ದೇವಿ ಅವಳನ್ನು ಅಲ್ಲಿಗೆ ಕರೆದೊಯ್ಯುತ್ತಾಳೆ. ಮನೆಯವರು ಇನ್ನೂ ಅಳುತ್ತಿರುತ್ತಾರೆ. ಮಗ ಜ್ಯೇಷ್ಠಶರ್ಮ ಎದುರಿಗೇ ಇದ್ದಾನೆ.

ಎರಡನೆಯದು ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ 1710ರಲ್ಲಿ ಪ್ರಕಟಿಸಿದ ‘ಥಿಯೊಡಿಸಿ’ಯ ಕೊನೆಯಲ್ಲಿ ಬರುವ ಕಥೆ. ರೋಮಿನ ಸೆಕ್ಸ್‌ಟಸ್ ಎಂಬ ರಾಜಕುಮಾರ ಮುಂದೆ ಲುಕ್ರೀಷಿಯಾ ಎಂಬ ಹೆಂಗಸಿನ ಮೇಲೆ ಬಲಾತ್ಕಾರ ಮಾಡುವವನು. ದೇವರು ಇವನನ್ನು ಹೀಗೇಕೆ ಹುಟ್ಟಿಸಿದ ಅಂತ ಪೂಜಾರಿ ಥಿಯೊಡೋರಸ್‌ಗೆ ಸಂಕಟ. ಅಥೆನ್ಸಿನ ಪಲ್ಲಾಸ್ ದೇವಿಯ ಗುಡಿಯಲ್ಲಿ ಅವನು ಮಲಗುತ್ತಾನೆ. ಕನಸಿನಲ್ಲಿ ದೇವಿ ಒಂದು ಅರಮನೆ ತೋರಿಸುತ್ತಾಳೆ. ಆಕಾರ ಪಿರಮಿಡ್ಡಿನದು. ಮೇಲೆ ತುದಿ ಇದೆ, ಕೆಳಗೆ ಬುಡವೇ ಇಲ್ಲ. ಒಂದೊಂದು ಕೋಣೆಯೂ ಒಂದೊಂದು ಲೋಕ. ಒಂದರಲ್ಲಿ ಸೆಕ್ಸ್‌ಟಸ್ ಎರಡು ಕಡಲುಗಳ ನಡುವಿನ ಊರಿಗೆ ಹೋಗಿ ಸಣ್ಣ ತೋಟ ಕೊಳ್ಳುತ್ತಾನೆ, ಅಗೆಯುವಾಗ ನಿಧಿ ಸಿಕ್ಕಿ ಸುಖವಾಗಿರುತ್ತಾನೆ. ಇನ್ನೊಂದರಲ್ಲಿ ಥ್ರೇಸ್ ದೇಶಕ್ಕೆ ಹೋಗಿ ಅಲ್ಲಿಯ ರಾಜನ ಅಳಿಯನಾಗುತ್ತಾನೆ. ಅವನ ಹಣೆಯ ಮೇಲೆ ಒಂದು ಸಂಖ್ಯೆ ಇರುತ್ತದೆ. ಕೋಣೆಯಲ್ಲಿಟ್ಟ ಪುಸ್ತಕದಲ್ಲಿ ಆ ಸಂಖ್ಯೆ ಹುಡುಕಿದರೆ ಅವನ ಬದುಕಿನ ವಿವರವೆಲ್ಲ ಸಿಗುತ್ತದೆ. ತುದಿಯ ಕೋಣೆಯಲ್ಲಿರುವುದು ನಮ್ಮ ಲೋಕ, ಅಪರಾಧ ನಡೆದ ಲೋಕ.

ಎರಡರಲ್ಲೂ ವಿದ್ಯೆಯ ದೇವತೆಯೇ ಕೈಹಿಡಿದು ಕರೆದುಕೊಂಡು ಹೋಗುತ್ತಾಳೆ. ಎರಡರಲ್ಲೂ ಒಂದು ಕಟ್ಟಡದೊಳಗೆ ಲೋಕಗಳು. ಎರಡರಲ್ಲೂ ಒಬ್ಬನೇ ಮನುಷ್ಯ ಬೇರೆ ಬೇರೆ ಬದುಕು ಬಾಳುತ್ತಿದ್ದಾನೆ. ಮೊದಲ ಓದಿಗೆ ಮೈ ಜುಮ್ಮೆನ್ನುತ್ತದೆ. ಆ ರೋಮಾಂಚನ ಒಳ್ಳೆಯದೇ, ಇಟ್ಟುಕೊಳ್ಳಿ. ಈಗ ಪರೀಕ್ಷೆಗೆ ಹೋಗೋಣ.

ಹಂತ 2: ಅದು ಯಾವ ಬಗೆಯ ಲೋಕ ಅಂತ ಬೇರ್ಪಡಿಸಿ

‘ಹಲವು ಲೋಕಗಳಿವೆ’ ಅಂತ ಹೇಳಿದವರೆಲ್ಲ ಒಂದೇ ಸಂಗತಿ ಹೇಳುತ್ತಿಲ್ಲ. ನಾನು ಐದು ಬಗೆ ಮಾಡಿಕೊಂಡಿದ್ದೇನೆ. ಹೆಸರುಗಳು ಕೆಲಸದ ಅನುಕೂಲಕ್ಕೆ ಇಟ್ಟವು.

ದೂರದ ಲೋಕ: ಇದೇ ಆಕಾಶದಲ್ಲಿ, ಆದರೆ ಬಹಳ ದೂರ. ಗ್ರೀಸಿನ ಡೆಮಾಕ್ರಿಟಸ್ ಹೇಳಿದ್ದು ಇಂಥವನ್ನು. ಕೆಲವು ಲೋಕಗಳಿಗೆ ಸೂರ್ಯ ಚಂದ್ರರೇ ಇಲ್ಲ, ಕೆಲವಕ್ಕೆ ನಮ್ಮದಕ್ಕಿಂತ ದೊಡ್ಡವು, ಕೆಲವು ಕಡೆ ಪ್ರಾಣಿ, ಗಿಡ, ನೀರು ಯಾವುದೂ ಇಲ್ಲ ಎಂಬುದು ಅವನ ಮಾತು ಅಂತ ನಂತರದವರು ದಾಖಲಿಸಿದ್ದಾರೆ. ಬೌದ್ಧರ ಸಾವಿರ ಲೋಕ, ಅದರ ಸಾವಿರ ಪಟ್ಟು, ಮತ್ತೆ ಸಾವಿರ ಪಟ್ಟು ಎಂಬ ಲೆಕ್ಕವೂ ಇಲ್ಲೇ ಬರುತ್ತದೆ. ಗುಣಿಸಿದರೆ ನೂರು ಕೋಟಿ. ಜೈನರ ದ್ವೀಪ ಸಮುದ್ರಗಳು ಕೂಡ ಇದೇ ಗುಂಪು, ಆದರೆ ಅಲ್ಲಿ ಎಲ್ಲವೂ ಒಂದೇ ಲೋಕಾಕಾಶದ ಒಳಗೆ ಅಳತೆ ಮಾಡಿ ಇಟ್ಟಂತೆ ಇರುತ್ತವೆ. ಬಸದಿಗಳಲ್ಲಿ ಲೋಹದ ನಂದೀಶ್ವರ ನೋಡಿದ್ದರೆ ನೆನಪಿಸಿಕೊಳ್ಳಿ, ಅದು ಎಂಟನೇ ದ್ವೀಪದ ಮಾದರಿ.

ಸರದಿಯ ಲೋಕ: ಒಂದು ಅಳಿದ ಮೇಲೆ ಇನ್ನೊಂದು. ಕಲ್ಪ, ಪ್ರಳಯ, ಮತ್ತೆ ಸೃಷ್ಟಿ.

ಒಳಗಿನ ಲೋಕ: ಒಂದರೊಳಗೆ ಒಂದು, ಮನಸ್ಸಿನಲ್ಲಿ ಹುಟ್ಟಿದ್ದು. ಲೀಲೆಯದು ಈ ಬಗೆ. ಅದೇ ಯೋಗವಾಸಿಷ್ಠದಲ್ಲಿ ಇಂದು ಎಂಬ ಬ್ರಾಹ್ಮಣನ ಹತ್ತು ಮಕ್ಕಳು ‘ನಾನೇ ಬ್ರಹ್ಮ’ ಅಂತ ಧ್ಯಾನಿಸಿ ಹತ್ತು ಸೃಷ್ಟಿಗಳನ್ನು ಮಾಡುತ್ತಾರೆ.

ಆಗಬಹುದಾಗಿದ್ದ ಲೋಕ: ನಡೆದಿಲ್ಲ, ಆದರೆ ನಡೆಯಬಹುದಿತ್ತು. ತರ್ಕದವರು ‘ಸಾಧ್ಯ ಲೋಕ’ ಅನ್ನುತ್ತಾರೆ. ಲೈಬ್ನಿಟ್ಸನ ಕೋಣೆಗಳು ಇವು. ಅಮೆರಿಕದ ತತ್ವಜ್ಞಾನಿ ಡೇವಿಡ್ ಲೂಯಿಸ್ 1986ರಲ್ಲಿ ಇಂಥ ಲೋಕಗಳೆಲ್ಲವೂ ನಮ್ಮದರಷ್ಟೇ ನಿಜ ಅಂತ ವಾದಿಸಿದರು. ಇನ್ನೊಬ್ಬ ತತ್ವಜ್ಞಾನಿ ಸಾಲ್ ಕ್ರಿಪ್ಕಿಯ ನೋಟ ಅದಕ್ಕೂ ಮೊದಲೇ ಬೇರೆಯಿತ್ತು. ಸಾಧ್ಯ ಲೋಕವನ್ನು ದೂರದರ್ಶಕದಿಂದ ಪತ್ತೆ ಹಚ್ಚುವುದಿಲ್ಲ, ‘ಹೀಗಿದ್ದಿದ್ದರೆ’ ಅಂತ ನಾವೇ ಗೊತ್ತುಮಾಡಿಕೊಳ್ಳುತ್ತೇವೆ ಅಂದಿದ್ದರು.

ಕವಲಿನ ಲೋಕ: ಕ್ವಾಂಟಮ್ ಭೌತವಿಜ್ಞಾನದ್ದು. ತುಂಬಾ ಸಣ್ಣ ಕಣಗಳ ವಿಷಯದಲ್ಲಿ ಸಮೀಕರಣ ಹೇಳುವುದು ಎರಡು ಸಾಧ್ಯತೆಗಳೂ ಒಟ್ಟಿಗೇ ಇರುವ ಸ್ಥಿತಿಯನ್ನು. ಆದರೆ ಅಳೆದು ನೋಡಿದಾಗ ಕಾಣುವುದು ಒಂದೇ. ಅಳೆದ ಕ್ಷಣ ಇನ್ನೊಂದು ಅಳಿಸಿಹೋಗುತ್ತದೆ ಎಂಬುದು ಆಗಿನ ಒಪ್ಪಿತ ವಿವರಣೆ. 1957ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಜಾನ್ ವ್ಹೀಲರ್ ಕೈಕೆಳಗೆ ಪಿಎಚ್‌ಡಿ ಮಾಡಿದ ಹ್ಯೂ ಎವರೆಟ್, ಯಾವುದೂ ಅಳಿಸಿಹೋಗುವುದಿಲ್ಲ ಅಂತ ಹೇಳಿದರು. ಸಮೀಕರಣ ಹೇಳಿದಂತೆ ಎರಡೂ ಉಳಿಯುತ್ತವೆ, ನೋಡಿದವನೂ ಎರಡಾಗಿ ಉಳಿಯುತ್ತಾನೆ. ಇದನ್ನು ‘ಹಲವು ಲೋಕ’ ಎಂಬ ಹೆಸರಿನಲ್ಲಿ 1970ರ ದಶಕದಲ್ಲಿ ಪ್ರಚಾರಕ್ಕೆ ತಂದವರು ಬ್ರೈಸ್ ಡಿವಿಟ್.

ಎಚ್ಚರಿಕೆ: ದೊಡ್ಡದನ್ನು ಹೇಳುವ ಸಾಲುಗಳೆಲ್ಲ ಹಲವು ಲೋಕಗಳ ಸಾಲುಗಳಲ್ಲ. ಬಸವಣ್ಣನವರ ‘ಜಗದಗಲ ಮುಗಿಲಗಲ’ ವಚನದಲ್ಲಿ ‘ಬ್ರಹ್ಮಾಂಡದಿಂದತ್ತತ್ತ ನಿಮ್ಮ ಶ್ರೀಮಕುಟ’ ಅಂತ ಬರುತ್ತದೆ. ಇದನ್ನು ಮಲ್ಟಿವರ್ಸ್ ಪಟ್ಟಿಗೆ ಸೇರಿಸುವವರಿದ್ದಾರೆ. ವಚನವನ್ನು ಕೊನೆತನಕ ಓದಿ. ಅಷ್ಟು ಅಗಲದವನು ‘ಕರಸ್ಥಲಕ್ಕೆ ಬಂದು ಚುಳುಕಾದಿರಯ್ಯಾ’ ಅನ್ನುವಲ್ಲಿ ಅದು ನಿಲ್ಲುತ್ತದೆ. ಅಂಗೈಗೆ ಬಂದ ಲಿಂಗದ ಮಾತು ಅದು. ಬೇರೆ ಲೋಕಗಳ ಎಣಿಕೆ ಅಲ್ಲಿ ಇಲ್ಲವೇ ಇಲ್ಲ.

ಹಂತ 3: ಅವರ ಪ್ರಶ್ನೆ ಏನಾಗಿತ್ತು ಅಂತ ಬರೆದುಕೊಳ್ಳಿ

ಇಡೀ ಕೆಲಸದ ಜೀವಾಳ ಇದು. ನೋಟ್‌ಬುಕ್ಕಿನ ಎರಡೂ ಪುಟಗಳ ಮೇಲ್ತುದಿಯಲ್ಲಿ ಒಂದೊಂದು ಪ್ರಶ್ನೆ ಬರೆಯಿರಿ. ಪೂರ್ತಿ ವಾಕ್ಯದಲ್ಲಿ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ‘ಮಾಯೆಯ ಸ್ವರೂಪ’ ಅಂತ ಶೀರ್ಷಿಕೆ ಕೊಟ್ಟರೆ ಸಾಲದು.

ಭಾಗವತದ ಆ ಪ್ರಸಿದ್ಧ ಶ್ಲೋಕವನ್ನೇ ನೋಡಿ. ದಶಮ ಸ್ಕಂಧದಲ್ಲಿ ಬ್ರಹ್ಮ ಕೃಷ್ಣನನ್ನು ಸ್ತುತಿಸುತ್ತಾ, ಎಣಿಸಲಾರದಷ್ಟು ಬ್ರಹ್ಮಾಂಡಗಳು ನಿನ್ನ ರೋಮಕೂಪಗಳಲ್ಲಿ ಪರಮಾಣುಗಳಂತೆ ಓಡಾಡುತ್ತವೆ ಅನ್ನುತ್ತಾನೆ. ಈ ಮಾತು ಬಂದದ್ದು ಯಾವಾಗ? ಕೃಷ್ಣನನ್ನು ಪರೀಕ್ಷೆ ಮಾಡಲು ಹೋಗಿ, ಕರುಗಳನ್ನೂ ಗೋಪಬಾಲಕರನ್ನೂ ಬಚ್ಚಿಟ್ಟು, ತಾನೇ ಬೆಪ್ಪಾಗಿ ನಿಂತ ಮೇಲೆ. ಏಳು ಗೇಣಿನ ಮೈಯ ನಾನೆಲ್ಲಿ, ನೀನೆಲ್ಲಿ ಅಂತ ಅವನೇ ಕೇಳಿಕೊಳ್ಳುತ್ತಾನೆ. ಬ್ರಹ್ಮವೈವರ್ತ ಪುರಾಣದಲ್ಲಿ ಇರುವೆಗಳ ಸಾಲು ತೋರಿಸಿ ‘ಇವೆಲ್ಲ ಒಂದು ಕಾಲದಲ್ಲಿ ಇಂದ್ರರಾಗಿದ್ದವು’ ಅಂತ ಇಂದ್ರನಿಗೆ ಹೇಳುವ ಕಥೆಯೂ ಹೀಗೇ. ಎರಡೂ ಕಡೆ ಪ್ರಶ್ನೆ ‘ಅಧಿಕಾರದಲ್ಲಿರುವವನ ಅಹಂಕಾರಕ್ಕೆ ಏನು ಬೆಲೆ?’ ಎಂಬುದು.

ಬೌದ್ಧರ ಸಾವಿರ ಲೋಕಗಳ ಲೆಕ್ಕ ಬರುವ ಒಂದು ಸುತ್ತದಲ್ಲಿ (ಬುದ್ಧನ ಉಪದೇಶದ ಪಠ್ಯ) ಶಿಷ್ಯ ಆನಂದ ಕೇಳುವ ಪ್ರಶ್ನೆ, ಬುದ್ಧ ತನ್ನ ದನಿಯನ್ನು ಎಷ್ಟು ದೂರ ಕೇಳಿಸಬಲ್ಲ ಅಂತ. ಲೋಕಗಳ ಸಂಖ್ಯೆ ಅಲ್ಲಿ ಆ ದನಿಯ ಅಳತೆಗೋಲು.

ಎಪಿಕ್ಯೂರಸ್‌ನದು (ಗ್ರೀಕ್ ತತ್ವಜ್ಞಾನಿ, ಕ್ರಿ.ಪೂ. 341–270) ಮತ್ತೊಂದು ದಾರಿ. ದೇವರುಗಳ ಭಯ, ಸಾವಿನ ಭಯ ಮನುಷ್ಯನನ್ನು ತಿನ್ನುತ್ತಿದೆ, ಇದರಿಂದ ಬಿಡುಗಡೆ ಹೇಗೆ ಎಂಬುದು ಅವನ ಚಿಂತೆ. ಲೋಕಗಳು ಅಣುಗಳು ಡಿಕ್ಕಿ ಹೊಡೆದು ತಾವಾಗಿಯೇ ಆದವು, ಇಂಥವು ಅನಂತ ಇವೆ ಅಂದರೆ, ಯಾವ ದೇವರೂ ಕೂತು ನಮ್ಮ ಲೋಕವನ್ನು ನಡೆಸುತ್ತಿಲ್ಲ ಅಂತಾಯಿತು. ಭಾಗವತದಲ್ಲಿ ಅನಂತ ಲೋಕಗಳು ದೇವರ ಮಹಿಮೆಯನ್ನು ಎತ್ತಿ ಹಿಡಿದರೆ, ಎಪಿಕ್ಯೂರಸ್‌ನಲ್ಲಿ ಅದೇ ಅನಂತ ಲೋಕಗಳು ದೇವರನ್ನು ಲೋಕದ ಉಸಾಬರಿಯಿಂದ ಬಿಡಿಸುತ್ತವೆ. ಹೊರಗಿನಿಂದ ಇವೆರಡೂ ಒಂದೇ ವಾಕ್ಯ. ಒಳಗೆ ಮಾಡುವ ಕೆಲಸ ಪೂರ್ತಿ ವಿರುದ್ಧ. ಈ ಹಂತ ಬಿಟ್ಟವರಿಗೆ ಇದು ಎಂದೂ ಕಾಣುವುದಿಲ್ಲ.

ಈಗ ನಮ್ಮ ಜೋಡಿಗೆ ಬನ್ನಿ. ಲೀಲೆಯ ಪುಟದ ಮೇಲೆ ನಾನು ಬರೆಯುವುದು: ‘ನಾನು ಗಟ್ಟಿ ಅಂತ ನಂಬಿರುವ ಈ ಲೋಕ, ಕನಸಿನ ಲೋಕಕ್ಕಿಂತ ಯಾವ ರೀತಿಯಲ್ಲಿ ಹೆಚ್ಚು ನಿಜ?’ ಥಿಯೊಡೋರಸ್‌ನ ಪುಟದ ಮೇಲೆ: ‘ಒಳ್ಳೆಯ ದೇವರು ಕೆಟ್ಟವನಿರುವ ಲೋಕವನ್ನೇ ಏಕೆ ಆರಿಸಿದ?’ ಲೈಬ್ನಿಟ್ಸನ ಉತ್ತರ ನಿಮಗೆ ಗೊತ್ತಿರಬಹುದು. ಆ ಅಪರಾಧದಿಂದ ರೋಮ್ ರಾಜರಿಂದ ಬಿಡುಗಡೆ ಪಡೆಯಿತು, ಒಟ್ಟಾರೆ ಲೆಕ್ಕದಲ್ಲಿ ಇದೇ ಅತ್ಯುತ್ತಮ ಲೋಕ, ಅದಕ್ಕೇ ಅದು ಪಿರಮಿಡ್ಡಿನ ತುದಿಯಲ್ಲಿದೆ. ಲುಕ್ರೀಷಿಯಾಳ ನೋವು ಈ ಲೆಕ್ಕದಲ್ಲಿ ಎಲ್ಲಿ ಹೋಯಿತು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ನಿಮಗೂ ಅನ್ನಿಸಿದರೆ ಅದನ್ನೂ ಬರೆದುಕೊಳ್ಳಿ.

ಹಂತ 4: ವಾದದ ಎಲುಬುಗಳನ್ನು ಬಿಡಿಸಿ

ತೀರ್ಮಾನ ಒಂದೇ ಆದರೆ ಸಾಲದು, ಅಲ್ಲಿಗೆ ಹೇಗೆ ಬಂದರು ಅಂತ ನೋಡಿ. ‘ಇದು ನಿಜ, ಅದೂ ನಿಜ, ಆದ್ದರಿಂದ...’ ಅಂತ ಮೂರು ಸಾಲಿನಲ್ಲಿ ಬರೆಯಿರಿ.

ಎಪಿಕ್ಯೂರಸ್: ಅಣುಗಳ ಆಕಾರಗಳಿಗೆ ಮಿತಿ ಇದೆ. ಅಣುಗಳ ಸಂಖ್ಯೆಗೂ ಆಕಾಶಕ್ಕೂ ಮಿತಿ ಇಲ್ಲ. ಆದ್ದರಿಂದ ಒಂದು ಲೋಕ ಮಾಡಿ ಅಣುಗಳು ಮುಗಿದುಹೋಗಲು ಸಾಧ್ಯವಿಲ್ಲ, ನಮ್ಮಂಥವೂ ನಮ್ಮಂತಲ್ಲದವೂ ಇರಲೇಬೇಕು.

ಫ್ರಾನ್ಸಿನ ಕ್ರಾಂತಿಕಾರಿ ಬ್ಲಾಂಕಿ, 1871ರಲ್ಲಿ ಸಮುದ್ರದ ನಡುವಿನ ತೊರೋ ಕೋಟೆಯಲ್ಲಿ ಸೆರೆಯಲ್ಲಿದ್ದಾಗ ಬರೆದದ್ದು: ಮೂಲವಸ್ತುಗಳ ಬಗೆಗಳಿಗೆ ಮಿತಿ ಇದೆ. ಆಕಾಶಕ್ಕೆ ಮಿತಿ ಇಲ್ಲ. ಆದ್ದರಿಂದ ಪ್ರಕೃತಿ ಅದೇ ಜೋಡಣೆಗಳನ್ನು ಮತ್ತೆ ಮತ್ತೆ ಬಳಸಲೇಬೇಕು. ಇದೇ ಕೋಟೆಯಲ್ಲಿ ಇದೇ ಮಾತು ಬರೆಯುತ್ತಿರುವ ನಾನು ಎಲ್ಲೆಲ್ಲೋ ಇದ್ದೇನೆ.

ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್, 2003ರಲ್ಲಿ: ನಮಗೆ ಕಾಣುವ ವಿಶ್ವದ ತ್ರಿಜ್ಯ ಈಗ ಸುಮಾರು 4,600 ಕೋಟಿ ಜ್ಯೋತಿರ್ವರ್ಷ. ಅಷ್ಟು ಜಾಗದಲ್ಲಿ ಕಣಗಳನ್ನು ಜೋಡಿಸುವ ವಿಧಾನಗಳಿಗೆ ಮಿತಿ ಇದೆ. ಆಕಾಶ ಅನಂತವಾದರೆ ಎಲ್ಲೋ ಒಂದು ಕಡೆ ಜೋಡಣೆ ಮರುಕಳಿಸಲೇಬೇಕು.

ಮೂರರ ಎಲುಬುಗೂಡೂ ಒಂದೇ. ಸುಮಾರು 2,300 ವರ್ಷಗಳ ಅಂತರದಲ್ಲಿ! ಇಂಥದ್ದು ಸಿಕ್ಕಾಗ ಧೈರ್ಯವಾಗಿ ‘ಇದು ಗಟ್ಟಿ ಹೋಲಿಕೆ’ ಅಂತ ಬರೆಯಬಹುದು. ಜತೆಗೇ ಪ್ರಶ್ನೆಗಳು ಬೇರೆ ಅಂತಲೂ ಬರೆಯಿರಿ. ಎಪಿಕ್ಯೂರಸ್‌ಗೆ ಈ ತೀರ್ಮಾನ ಸಮಾಧಾನ ತಂದಿತು. ಸೋತು ಸೆರೆಯಲ್ಲಿದ್ದ ಬ್ಲಾಂಕಿಗೆ ಅದೇ ತೀರ್ಮಾನ ದುಃಖ ತಂದಿತು. ಎಲ್ಲವೂ ಮರುಕಳಿಸುವುದಾದರೆ ಪ್ರಗತಿ ಎಲ್ಲಿ ಅಂತ.

ವಿರೋಧಿಸಿದವರನ್ನೂ ಸೇರಿಸಿಕೊಳ್ಳಿ, ಅವರಿಲ್ಲದೆ ಚಿತ್ರ ಪೂರ್ತಿಯಾಗುವುದಿಲ್ಲ. ಅರಿಸ್ಟಾಟಲ್ ಲೋಕ ಒಂದೇ ಅಂದ. ಮಣ್ಣಿನ ಸ್ವಭಾವ ಕೇಂದ್ರದ ಕಡೆ ಬೀಳುವುದು. ಎರಡು ಲೋಕಗಳಿದ್ದರೆ ಎರಡು ಕೇಂದ್ರಗಳು. ಅಲ್ಲಿಯ ಮಣ್ಣು ಇಲ್ಲಿಯ ಕೇಂದ್ರಕ್ಕೆ ಬರಬೇಕಾದರೆ ತನ್ನ ಲೋಕದಲ್ಲಿ ಮೇಲಕ್ಕೆ ಹಾರಬೇಕು, ಅದು ಅದರ ಸ್ವಭಾವಕ್ಕೇ ವಿರುದ್ಧ. 1210ರ ಆಸುಪಾಸಿನಲ್ಲಿ ತೀರಿಕೊಂಡ ಮುಸ್ಲಿಂ ಚಿಂತಕ ಫಖ್ರುದ್ದೀನ್ ರಾಜಿ ಇಂಥ ವಾದಗಳು ದುರ್ಬಲ, ಈ ಲೋಕದಾಚೆ ಸಾವಿರ ಸಾವಿರ ಲೋಕಗಳನ್ನು ಅಲ್ಲಾಹನು ಸೃಷ್ಟಿಸಬಲ್ಲ ಅಂದರು. 1277ರಲ್ಲಿ ಪ್ಯಾರಿಸ್ಸಿನ ಬಿಷಪ್ ಟಾಂಪಿಯೆ 219 ವಾದಗಳನ್ನು ನಿಷೇಧಿಸಿದಾಗ, ದೇವರು ಹಲವು ಲೋಕಗಳನ್ನು ಮಾಡಲಾರ ಎಂಬ ವಾದವೂ ಆ ಪಟ್ಟಿಯಲ್ಲಿತ್ತು.

ಎಚ್ಚರಿಕೆ: ರಾಜಿಯವರೂ ಬಿಷಪ್ಪರೂ ಹೇಳಿದ್ದು ದೇವರು ಮಾಡಬಲ್ಲ ಅಂತ. ಮಾಡಿದ್ದಾನೆ ಅಂತಲ್ಲ. ದೇವರ ಶಕ್ತಿಗೆ ಮಿತಿ ಹಾಕಬೇಡಿ ಎಂಬುದಷ್ಟೇ ಅವರ ಕಾಳಜಿ. ಇವರಿಬ್ಬರ ಸಾಲುಗಳನ್ನು ‘ಹಲವು ಲೋಕಗಳಿವೆ ಅಂದವರು’ ಎಂಬ ಪಟ್ಟಿಗೆ ಸುಮ್ನೆ ಸೇರಿಸಬೇಡಿ.

ಹಂತ 5: ಇಬ್ಬರ ನಡುವೆ ದಾರಿ ಇತ್ತೇ ಅಂತ ನೋಡಿ

ಹೋಲಿಕೆ ಬರುವುದು ಎರಡು ರೀತಿಯಲ್ಲಿ. ಒಬ್ಬರು ಇನ್ನೊಬ್ಬರನ್ನು ಓದಿರಬಹುದು. ಇಲ್ಲವೇ ಇಬ್ಬರೂ ತಮ್ಮ ಪಾಡಿಗೆ ಅಲ್ಲಿಗೆ ತಲುಪಿರಬಹುದು. ಓದಿದ್ದರೆ ಅದಕ್ಕೆ ಸಾಕ್ಷಿ ಬೇಕು: ಹಸ್ತಪ್ರತಿ, ಅನುವಾದ, ಅಥವಾ ಅವರದೇ ಮಾತು.

ಒಂದು ಗಟ್ಟಿ ದಾರಿಯ ಉದಾಹರಣೆ. ಎಪಿಕ್ಯೂರಸ್‌ನ ವಿಚಾರಗಳನ್ನು ರೋಮಿನ ಕವಿ ಲುಕ್ರೀಷಿಯಸ್ ಲ್ಯಾಟಿನ್ ಪದ್ಯದಲ್ಲಿ ಬರೆದ. ಅದರ ಹಸ್ತಪ್ರತಿಯೊಂದನ್ನು 1417ರಲ್ಲಿ ಪೊಜ್ಜೊ ಎಂಬ ಇಟಲಿಯ ವಿದ್ವಾಂಸ ಪತ್ತೆಹಚ್ಚಿದ. 1473ರಲ್ಲಿ ಅದು ಅಚ್ಚಾಯಿತು. ಬ್ರೂನೊ ಅದನ್ನು ಓದಿದ್ದ, ತನ್ನ ಬರಹದಲ್ಲಿ ಹೆಸರಿಸಿಯೂ ಇದ್ದಾನೆ. 1584ರಲ್ಲಿ ಲಂಡನ್ನಿನಲ್ಲಿದ್ದಾಗ ಅನಂತ ವಿಶ್ವ ಮತ್ತು ಲೋಕಗಳ ಬಗ್ಗೆ ಸಂವಾದ ಪ್ರಕಟಿಸಿದ. 1600ರ ಫೆಬ್ರವರಿ 17ರಂದು ರೋಮಿನಲ್ಲಿ ಅವನನ್ನು ಸುಟ್ಟರು. ಅವನ ಮೇಲೆ ಹಲವು ಆರೋಪಗಳಿದ್ದವು, ಲೋಕಗಳ ವಿಚಾರ ಅವುಗಳಲ್ಲಿ ಒಂದು. ‘ವಿಜ್ಞಾನಕ್ಕಾಗಿ ಸತ್ತವನು’ ಅಂತ ಒಂದೇ ಗೆರೆಯಲ್ಲಿ ಬರೆಯಬೇಡಿ.

ನಮ್ಮ ಜೋಡಿಯಲ್ಲಿ ಹೇಗಿದೆ? ಯೋಗವಾಸಿಷ್ಠದ ಹಳೆಯ ರೂಪ ‘ಮೋಕ್ಷೋಪಾಯ’ ಹತ್ತನೇ ಶತಮಾನದ ಕಾಶ್ಮೀರದ್ದು ಎಂಬುದು ವಿದ್ವಾಂಸರ ಅಭಿಪ್ರಾಯ. ಅದರ ಸಂಕ್ಷಿಪ್ತ ರೂಪ 16ನೇ ಶತಮಾನದ ಕೊನೆಗೆ ಮೊಗಲರ ಆಸ್ಥಾನದಲ್ಲಿ ಪರ್ಷಿಯನ್ನಿಗೆ ಹೋಯಿತು. ಪೂರ್ತಿ ಇಂಗ್ಲಿಷ್ ಅನುವಾದ ವಿಹಾರಿಲಾಲ್ ಮಿತ್ರ ಅವರದು, 1890ರ ದಶಕದ್ದು. ಲೈಬ್ನಿಟ್ಸ್ ತೀರಿಕೊಂಡದ್ದು 1716ರಲ್ಲಿ. ಇನ್ನು ತನ್ನ ಕಥೆಯ ಮೂಲವನ್ನು ಅವನೇ ಹೇಳಿಕೊಂಡಿದ್ದಾನೆ: 15ನೇ ಶತಮಾನದ ಇಟಲಿಯ ಲೊರೆಂಜೊ ವಲ್ಲಾ ಬರೆದ ಸಂವಾದವೊಂದನ್ನು ಎತ್ತಿಕೊಂಡು ಮುಂದುವರಿಸಿದ್ದು. ಹಾಗಾಗಿ ಇಲ್ಲಿ ‘ಪ್ರಭಾವ’ ಎಂಬ ಮಾತಿಗೆ ಜಾಗವಿಲ್ಲ. ‘ಬೇರೆ ಬೇರೆಯಾಗಿ ತಲುಪಿದ್ದು’ ಅಂತ ಬರೆದು ಮುಂದಕ್ಕೆ ಹೋಗಿ.

ಎಚ್ಚರಿಕೆ: ಆ ಕ್ವಾಂಟಮ್ ಸಮೀಕರಣ ಕೊಟ್ಟ ಭೌತವಿಜ್ಞಾನಿ ಶ್ರೋಡಿಂಗರ್ ವಿಷಯ ಯಾವಾಗಲೂ ಬರುತ್ತದೆ. ಅವರು ವೇದಾಂತ ಓದಿದ್ದು ನಿಜ. 1944ರ ‘ವಾಟ್ ಈಸ್ ಲೈಫ್’ ಪುಸ್ತಕದ ಕೊನೆಯಲ್ಲಿ ಉಪನಿಷತ್ತಿನ ಆತ್ಮ–ಬ್ರಹ್ಮದ ಮಾತು ಇದೆ. ಆದರೆ ಅಲ್ಲಿ ಅವರು ಹೇಳುವುದು ಚೈತನ್ಯ ಒಂದೇ ಎಂಬುದನ್ನು. ‘ಶ್ರೋಡಿಂಗರ್ ವೇದಾಂತ ಓದಿದ್ದರು, ಎವರೆಟ್ ಶ್ರೋಡಿಂಗರ್ ಸಮೀಕರಣ ಬಳಸಿದರು, ಆದ್ದರಿಂದ ಹಲವು ಲೋಕಗಳ ವಿಚಾರ ವೇದಾಂತದಿಂದ ಬಂತು’ ಅಂದರೆ ಕೊಂಡಿ ಎರಡನೇ ಹೆಜ್ಜೆಯಲ್ಲೇ ಕಳಚುತ್ತದೆ. ಎವರೆಟ್‌ಗೆ ಬೇಕಾಗಿದ್ದು ಸಮೀಕರಣ ಮಾತ್ರ.

ಹಂತ 6: ಹೋಲಿಕೆ ಎಲ್ಲಿ ಮುರಿಯುತ್ತದೆ ಅಂತ ಗುರುತು ಹಾಕಿ

ಎರಡೂ ಪಠ್ಯಗಳಿಗೆ ನಾಲ್ಕು ಪ್ರಶ್ನೆ ಕೇಳಿ. ಒಂದು ಲೋಕದಿಂದ ಇನ್ನೊಂದಕ್ಕೆ ಹೋಗಿಬರಬಹುದೇ? ಅಲ್ಲಿರುವವನು ನಾನೇನಾ, ನನ್ನಂಥವನಾ? ಎಲ್ಲ ಲೋಕಗಳೂ ಸಮನಾಗಿ ನಿಜವೇ? ಲೋಕಗಳು ಹುಟ್ಟುವುದು ಯಾತರಿಂದ?

ಲೀಲೆ ಹೋಗಿಬರುತ್ತಾಳೆ. ಮಗನನ್ನೂ ನೋಡುತ್ತಾಳೆ. ಗುಡಿಸಲಿನ ಬ್ರಾಹ್ಮಣ, ಪದ್ಮ, ಹೊಸ ರಾಜ ಮೂವರೂ ಒಂದೇ ಜೀವ. ಮೂರು ಲೋಕಗಳೂ ಸಮ, ಅಂದರೆ ಮೂರೂ ಸಮನಾಗಿ ಟೊಳ್ಳು. ಹುಟ್ಟಿದ್ದು ಆಸೆಯಿಂದ, ವಾಸನೆಯಿಂದ. ವಾಸನೆ ಅಂದರೆ ಮನಸ್ಸಿನಲ್ಲಿ ಉಳಿದುಹೋದ ಸಂಸ್ಕಾರ.

ಥಿಯೊಡೋರಸ್ ಕನಸಿನಲ್ಲಿ ನೋಡುತ್ತಾನೆ ಅಷ್ಟೇ. ಬೇರೆ ಕೋಣೆಗಳಲ್ಲಿರುವವರು ಸೆಕ್ಸ್‌ಟಸ್‌ನನ್ನು ಹೋಲುವವರು, ಅವನೇ ಅಲ್ಲ. ನಿಜವಾದದ್ದು ತುದಿಯ ಒಂದೇ ಕೋಣೆ. ಉಳಿದವು ದೇವರ ಬುದ್ಧಿಯಲ್ಲಿರುವ ಸಾಧ್ಯತೆಗಳು.

ಎವರೆಟ್‌ನ ಕವಲುಗಳು ಸಮನಾಗಿ ನಿಜ, ಸಮನಾಗಿ ಗಟ್ಟಿ. ಹೋಗಿಬರುವ ಮಾತೇ ಇಲ್ಲ. ಕವಲೊಡೆಯಲು ಆಸೆ ಬೇಡ, ಮನಸ್ಸು ಬೇಡ, ನೋಡುವವನು ಮನುಷ್ಯನೇ ಆಗಬೇಕಿಲ್ಲ, ಒಂದು ಉಪಕರಣವಾದರೂ ಸಾಕು. ಲೀಲೆಯ ಕಥೆಯ ಇಡೀ ಶಕ್ತಿ ಇರುವುದು ಮನಸ್ಸೇ ಲೋಕ ಎಂಬಲ್ಲಿ. ಎವರೆಟ್‌ನ ಇಡೀ ಶಕ್ತಿ ಇರುವುದು ಮನಸ್ಸನ್ನು ಲೆಕ್ಕದಿಂದ ತೆಗೆದುಹಾಕಿದ್ದರಲ್ಲಿ. ಲೇಖನದ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ: ಅವೆರಡೂ ಒಂದಲ್ಲ. ‘ನಮ್ಮವರು ಇದನ್ನೇ ಮೊದಲು ಹೇಳಿದ್ದರು’ ಅಂದಾಗ, ಮೋಕ್ಷೋಪಾಯದ ಕವಿ ನಿಜವಾಗಿ ಹೇಳಿದ್ದೇ ಮರೆಯಾಗುತ್ತದೆ. ಅವನ ಸಾಧನೆಯನ್ನು ಎವರೆಟ್‌ನಿಂದ ಅಳೆಯುವ ಅಗತ್ಯವೇ ಇಲ್ಲ.

ಲೀಲೆಯ ಪಕ್ಕ ಇಡಲು ನಮ್ಮ ಹತ್ತಿರವೇ ಇನ್ನೂ ಒಳ್ಳೆಯ ಜೋಡಿ ಇದೆ. ಅದನ್ನು ಯಾರೂ ಕೇಳುವುದಿಲ್ಲ ಎಂಬುದು ನನಗೆ ಬೇಸರದ ವಿಷಯ. ಪಂಪನ ‘ಆದಿಪುರಾಣ’, ಕ್ರಿ.ಶ. 941. ಹೆಚ್ಚೂ ಕಡಿಮೆ ಮೋಕ್ಷೋಪಾಯದ ಕಾಲವೇ. ಸ್ವರ್ಗದಲ್ಲಿ ಲಲಿತಾಂಗ ದೇವ, ಅವನ ಪ್ರಿಯೆ ಸ್ವಯಂಪ್ರಭೆ. ಲಲಿತಾಂಗನ ಆಯಸ್ಸು ಮುಗಿಯುತ್ತದೆ. ಅವನ ಅಗಲಿಕೆಯಲ್ಲಿ ಬೆಂದ ಸ್ವಯಂಪ್ರಭೆ ಆಮೇಲೆ ಶ್ರೀಮತಿಯಾಗಿ ಹುಟ್ಟುತ್ತಾಳೆ. ಒಮ್ಮೆ ದೇವತೆಗಳು ಆಕಾಶದಲ್ಲಿ ಹೋಗುವುದನ್ನು ಕಂಡು ಹಿಂದಿನ ಭವ ನೆನಪಾಗಿ ಮೂರ್ಛೆ ಹೋಗುತ್ತಾಳೆ. ಭವ ಅಂದರೆ ಜನ್ಮ. ನೆನಪಾದದ್ದನ್ನು ಚಿತ್ರ ಬರೆಯುತ್ತಾಳೆ. ಆ ಚಿತ್ರಪಟವನ್ನು ದಾದಿ ಪಂಡಿತೆ ಜಿನಾಲಯಕ್ಕೆ ಒಯ್ದು ಎಲ್ಲರಿಗೂ ಕಾಣುವಂತೆ ಇಡುತ್ತಾಳೆ. ಲಲಿತಾಂಗನೇ ಆಗಿದ್ದ ವಜ್ರಜಂಘ ಅದನ್ನು ನೋಡಿ ಗುರುತು ಹಿಡಿಯುತ್ತಾನೆ.

ಲೀಲೆಯಂತೆ ಇವಳೂ ಸತ್ತ ಗಂಡನನ್ನು ಇನ್ನೊಂದು ಲೋಕದಲ್ಲಿ ಹುಡುಕುವವಳು. ನಾಲ್ಕು ಪ್ರಶ್ನೆ ಕೇಳಿ ನೋಡಿ. ಜೈನ ಲೋಕಗಳು ಕನಸಲ್ಲ. ಸ್ವರ್ಗವೂ ವಿದೇಹ ಕ್ಷೇತ್ರ ಎಂಬ ಭೂಭಾಗವೂ ಒಂದೊಂದು ಜಾಗದಲ್ಲಿ, ಗೊತ್ತಾದ ಅಳತೆಯಲ್ಲಿ ಇವೆ. ಹೋಗಬೇಕಾದರೆ ಸತ್ತು ಹುಟ್ಟಬೇಕು, ಕರ್ಮದ ದಾರಿ ಬಿಟ್ಟರೆ ಬೇರೆ ದಾರಿ ಇಲ್ಲ. ಅದಕ್ಕೇ ಶ್ರೀಮತಿಗೆ ಧ್ಯಾನ ಸಾಕಾಗುವುದಿಲ್ಲ, ಕೈಯಲ್ಲಿ ಹಿಡಿದು ತೋರಿಸುವ ಒಂದು ಚಿತ್ರ ಬೇಕಾಗುತ್ತದೆ. ಲೀಲೆಗೆ ಚಿತ್ರ ಬೇಡ. ಅವಳ ಗಂಡ ಆ ಕೋಣೆ ಬಿಟ್ಟು ಹೋಗಿಯೇ ಇಲ್ಲ. ಲೋಕ ನಿಜವೋ ಮನಸ್ಸಿನದೋ ಎಂಬ ದೊಡ್ಡ ತತ್ವದ ಜಗಳ ಇಲ್ಲಿ ಒಂದು ಚಿತ್ರಪಟ ಬೇಕೋ ಬೇಡವೋ ಎಂಬಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಹಂತ 7: ಬರೆಯುವಾಗ

‘ಮೊದಲೇ ಕಂಡುಕೊಂಡಿದ್ದರು’, ‘ವಿಜ್ಞಾನ ಈಗ ಒಪ್ಪಿಕೊಂಡಿದೆ’ ಎಂಬ ಮಾತುಗಳನ್ನು ಬಿಡಿ. ಎವರೆಟ್‌ನ ವಿವರಣೆಯನ್ನು ಭೌತವಿಜ್ಞಾನಿಗಳೇ ಎಲ್ಲರೂ ಒಪ್ಪಿಲ್ಲ. ಹೋಲಿಕೆಯನ್ನು ಒಂದು ಪ್ಯಾರಾದಲ್ಲಿ ಹೇಳಿದರೆ ವ್ಯತ್ಯಾಸಕ್ಕೆ ಎರಡಾದರೂ ಕೊಡಿ. ಪ್ರಶ್ನೆ, ಬಗೆ, ವಾದ, ದಾರಿ, ಮುರಿಯುವ ಜಾಗ, ಈ ಐದೂ ಲೇಖನದಲ್ಲಿ ಎಲ್ಲಾದರೂ ಬಂದಿರಲಿ. ಇದೇ ಸರದಿಯಲ್ಲಿ ಬರಬೇಕು ಅಂತಿಲ್ಲ.

ಮೊದಲ ಸಲ ಮಾಡುವವರಿಗೆ ಮೂರು ಜೋಡಿ ಸೂಚಿಸುತ್ತೇನೆ. ಸುಲಭದ್ದು ಎಪಿಕ್ಯೂರಸ್ ಮತ್ತು ಬ್ಲಾಂಕಿ, ಎರಡೂ ಚಿಕ್ಕ ಪಠ್ಯಗಳು, ವಾದ ಬಿಡಿಸಲು ಸುಲಭ. ಸ್ವಲ್ಪ ಕಷ್ಟದ್ದು ಇಂದು ಬ್ರಾಹ್ಮಣನ ಹತ್ತು ಮಕ್ಕಳು ಮತ್ತು ಇಂದ್ರನ ಇರುವೆಗಳು. ಎರಡೂ ನಮ್ಮ ಪರಂಪರೆಯವೇ ಆದ್ದರಿಂದ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುವುದಿಲ್ಲ, ಪ್ರಶ್ನೆ ಬರೆದುಕೊಂಡಾಗಲೇ ಅದು ಗೊತ್ತಾಗುವುದು. ಕನ್ನಡದಲ್ಲೇ ಕೆಲಸ ಮಾಡಬೇಕು ಅನ್ನುವವರು ಲೀಲೆ ಮತ್ತು ಶ್ರೀಮತಿಯನ್ನು ತೆಗೆದುಕೊಳ್ಳಿ. ಪಂಪನ ಹಳಗನ್ನಡ ಕಷ್ಟವಾದರೆ ಗದ್ಯಾನುವಾದ ಪಕ್ಕದಲ್ಲಿಟ್ಟುಕೊಳ್ಳಿ, ಆದರೆ ಚಿತ್ರಪಟದ ಭಾಗವನ್ನು ಮಾತ್ರ ಮೂಲದಲ್ಲೇ ಓದಿ.